ಚಳಿಗೂ ಉದುರದ ಹೆಸರು

ಚೆನ್ನಯ್ಯನವರು ತೀರಿಕೊಂಡ ಸುದ್ದಿ ಬಂದದ್ದು ಬೆಳಿಗ್ಗೆ ಏಳೂವರೆಗೆ. ಲ್ಯಾಬ್ ಟೆಕ್ನೀಷಿಯನ್ ರವಿಚಂದ್ರ ಆಗ ಮೊಣಕೈವರೆಗೆ ದಪ್ಪ ಗ್ಲೌಸು ಹಾಕಿಕೊಂಡು ಫ್ರೀಜರಿನ ಮುಂದೆ ನಿಂತಿದ್ದ. ಫೋನು ಮಾಡಿದವಳು ಚೆನ್ನಯ್ಯನವರ ಸೊಸೆ ಪ್ರಣೀತಾ.

"ಸರ್, ಮಾವ ಹೋದ್ರ್. ದೇವ್ರಿಗ್ ದೀಪ ಹಚ್ಚಿ ಕೈ ಮುಗ್ದ್ ಕೂತವ್ರ್ ಮತ್ತೆ ಏಳ್ಲೇ ಇಲ್ಲ."

ಇಂಥ ಸಾವು ಪುಣ್ಯವಂತರಿಗೆ ಮಾತ್ರ ಬರುವುದು. ಆದರೆ ಆ ಗಳಿಗೆಯಲ್ಲಿ ರವಿಚಂದ್ರನಿಗೆ ಅದು ಹೊಳೆಯಲಿಲ್ಲ. ಅವನ ಕಣ್ಣು ಫ್ರೀಜರಿನೊಳಗಿನ ಪೆಟ್ಟಿಗೆಯ ಮೇಲೆ ನೆಟ್ಟಿತ್ತು. ಪೆಟ್ಟಿಗೆಯಲ್ಲಿ ನಲವತ್ತೆಂಟು ಪುಟ್ಟ ಟ್ಯೂಬುಗಳು, ಅವುಗಳಲ್ಲಿ ಕೆರಾಡಿ ಹಳ್ಳಿಯ ನಲವತ್ತೆಂಟು ಜನರ ರಕ್ತ. ನಿನ್ನೆ ಅವನೇ ಅಂಟಿಸಿದ್ದ ಹೆಸರಿನ ಸ್ಟಿಕರುಗಳೆಲ್ಲ ಈಗ ತರಗೆಲೆಯ ಹಾಗೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದವು. ಯಾವ ರಕ್ತ ಯಾರದೆಂದು ಹೇಳಲು ದೇವರೇ ಬರಬೇಕಿತ್ತು.

ಕುಂದಾಪುರದ ಆ ಸಣ್ಣ ಲ್ಯಾಬಿನಲ್ಲಿ ಚೆನ್ನಯ್ಯನವರು ಮೂವತ್ತು ವರ್ಷದಿಂದ ಅಟೆಂಡರು. ಮೈನಸ್ ಎಂಬತ್ತು ಡಿಗ್ರಿ ಚಳಿಯಲ್ಲಿ ಇಡುವ ಟ್ಯೂಬಿಗೆ ಬೇರೆಯೇ ಲೇಬಲು ಉಂಟು. ಅದರ ಅಂಟು ಎಂಥ ಚಳಿಗೂ ಬಿಡುವುದಿಲ್ಲ. ಆ ಲೇಬಲಿನ ಸುರುಳಿಯನ್ನು ಚೆನ್ನಯ್ಯನವರು ಬೀರುವಿನಲ್ಲಿಟ್ಟು ಬೀಗ ಹಾಕಿ, ತೀರ್ಥ ಕೊಟ್ಟ ಹಾಗೆ ಒಂದೊಂದಾಗಿ ಕೊಡುತ್ತಿದ್ದರು. ರವಿಚಂದ್ರನಿಗೆ ಅಷ್ಟು ತಾಳ್ಮೆಯಿಲ್ಲ. ನಿನ್ನೆ ಸಂಜೆ ಪೇಟೆಗೆ ಹೋಗಿ ಮೂರು ಹಾಳೆ ಸ್ಟಿಕರು ತಂದುಬಿಟ್ಟಿದ್ದ.

"ಇದ್ ಚಳಿಗ್ ನಿಲ್ಲುದಿಲ್ಲ ಮಾರಾಯ್ರೆ" ಎಂದಿದ್ದರು ಚೆನ್ನಯ್ಯನವರು. "ಉಪ್ಪಿನ್‌ಕಾಯಿ ಭರಣಿಗಾದ್ರೆ ಸಮ."

"ಡಿಪ್ಲೊಮಾ ಓದಿದ್ದ್ ನಾನಾ, ನೀವಾ? ನೀವ್ ಟ್ಯೂಬ್ ಒರ್ಸಿ ಕೊಡಿ, ಸಾಕ್."

ಚೆನ್ನಯ್ಯನವರು ಕಿವಿಯ ಮೇಲಿನ ಪೆನ್ಸಿಲು ತೆಗೆದುಕೊಂಡು, ಬೆನ್ನು ತಿರುಗಿಸಿ ಕೂತು, ಟ್ಯೂಬುಗಳನ್ನು ಒರೆಸಿ ಒಂದೊಂದಾಗಿ ಕೊಟ್ಟರು. ರವಿಚಂದ್ರ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಹೆಂಡತಿಯ ಹತ್ತಿರ ಮಾತಾಡುತ್ತಲೇ ಅಂಟಿಸಿ ಮುಗಿಸಿದ.

ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ನಿಖಿತಾ.

"ಕೆರಾಡಿ ಟ್ಯೂಬ್ ತಯಾರಾ? ನಾಲ್ಕ್ ಗಂಟೆಗ್ ವ್ಯಾನ್ ಬತ್ತ್."

"ಮೇಡಂ, ಸ್ಟಿಕರ್ ಎಲ್ಲ ಉದುರಿ ಹೋಯ್ತ್."

"ಉದುರ್ತಾ? ಯಾರ್ ಅಂಟ್ಸಿದ್ದ್?"

ಸತ್ತವರು ಬಂದು ಅಲ್ಲವೆನ್ನುವುದಿಲ್ಲ ಎಂಬ ಧೈರ್ಯ ರವಿಚಂದ್ರನಿಗೆ ಎಲ್ಲಿಂದಲೋ ಬಂತು.

"ಚೆ... ಚೆನ್ನಯ್ಯ, ಮೇಡಂ."

ಚೆನ್ನಯ್ಯನವರು ಹೋದ ಸುದ್ದಿ ಡಾಕ್ಟರಿಗೂ ಮುಟ್ಟಿತ್ತು. "ಇರ್ಲಿ. ಅವ್ರ್ ಪೆಟ್ಟಿಗೆಯ ಯಾವ ಗುಳಿಯಲ್ಲಿ ಯಾರ ಟ್ಯೂಬ್ ಅಂತ ಪುಸ್ತಕದಲ್ಲಿ ಬರ್ದ್ ಇಡ್ತಿದ್ರ್. ಅದನ್ನ್ ತೆಗಿರಿ."

ಪುಸ್ತಕ ಬೀರುವಿನಲ್ಲಿತ್ತು. ಬೀರುವಿಗೆ ಎರಡು ಬೀಗದ ಕೈ. ಒಂದು ಕಳೆದುಹೋಗಬಾರದೆಂದು ಚೆನ್ನಯ್ಯನವರು ಅದನ್ನು ಬೀರುವಿನ ಒಳಗೇ ಜೋಪಾನವಾಗಿ ಇಟ್ಟಿದ್ದರು. ಇನ್ನೊಂದು ಅವರ ಸೊಂಟದ ಉಡಿದಾರದಲ್ಲಿ, ಅವರ ಜೊತೆಯಲ್ಲೇ, ಗುಲ್ವಾಡಿಯ ಮನೆಯ ಜಗಲಿಯ ಮೇಲೆ ಮಲಗಿತ್ತು. ಬೀಗ ಒಡೆಯುವವನನ್ನು ವಿಚಾರಿಸಿದರೆ, ಅವನು ಬೈಂದೂರಿಗೆ ಮದುವೆಗೆ ಹೋಗಿದ್ದ.

ರವಿಚಂದ್ರನಿಗೆ ಕೆಲಸದ ಭಯಕ್ಕಿಂತ ಕೆರಾಡಿಯ ಭಯ ಹೆಚ್ಚು. ಜ್ವರದ ಪರೀಕ್ಷೆಗೆಂದು ಹೋದಾಗ ರಾಜೀವಿಯಮ್ಮ ಎಂಬ ಮುದುಕಿ ಎಲ್ಲರಿಗಿಂತ ಕೊನೆಗೆ ಕೈ ಚಾಚಿ ಹೇಳಿದ್ದಳು: "ಒಂದೇ ಸಲ ಅಂದ್ರಿ, ಕೊಟ್ಟೆ. ಇನ್ನೊಂದ್ ಸಲ ಸೂಜಿ ಹಿಡ್ಕಂಡ್ ಬಂದ್ರೆ ನಾಯಿ ಬಿಡ್ತೆ." ಆ ನಾಯಿಯನ್ನೂ ಅವನು ಕಂಡಿದ್ದ.

ಆಟೋ ಹತ್ತಿ ಗುಲ್ವಾಡಿಗೆ ಓಡಿದ.

ಅಂಗಳದಲ್ಲಿ ಜನ ಸೇರಿದ್ದರು. ಚೆನ್ನಯ್ಯನವರು ಬಿಳಿ ಪಂಚೆ ಹೊದ್ದು, ಕಚೇರಿಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿ ಕೂರುವಾಗಿನ ಅದೇ ಶಾಂತ ಮುಖದಲ್ಲಿ ಮಲಗಿದ್ದರು. ರವಿಚಂದ್ರ ನಮಸ್ಕಾರ ಮಾಡುವವನ ಹಾಗೆ ಬಗ್ಗಿದ. ಬಗ್ಗಿದವನ ಕೈ ಮೆಲ್ಲಗೆ ಪಂಚೆಯ ಮೇಲೆ ಸೊಂಟದ ಕಡೆ ಸರಿಯಿತು.

"ಹ್ವಾಯ್!" ಎಂದಳು ನೆರೆಮನೆಯ ಬೆಳ್ಳಿ. "ಕಾಲ್ ಮುಟ್ಟೂದಾರೆ ಕಾಲ್ ಆ ಬದಿಗ್ ಇತ್ತ್!"

ರವಿಚಂದ್ರ ಸುಟ್ಟವನಂತೆ ಕೈ ಹಿಂದೆಗೆದ. ಬೇರೆ ದಾರಿ ಕಾಣದೆ, ಎಲ್ಲ ಕೆಲಸಕ್ಕೂ ಮುಂದೆ ನಿಂತಿದ್ದ ನಾಗಣ್ಣನ ಕಿವಿಯಲ್ಲಿ ಗುಟ್ಟಾಗಿ ವಿಷಯ ಹೇಳಿದ. ನಾಗಣ್ಣ ಹಿಂದೆ ಮೀನಿನ ಹರಾಜು ಕೂಗುತ್ತಿದ್ದವನು. ಗುಟ್ಟು ಅವನ ಬಾಯಲ್ಲಿ ಹೊಳೆಯ ಆಚೆ ದಡಕ್ಕೂ ಕೇಳಿಸಿತು.

"ಆಫೀಸಿನವ್ರಿಗ್ ಚೆನ್ನಯ್ಯಣ್ಣನ ಸೊಂಟದ ಬೀಗದ್ ಕೈ ಬೇಕಂಬ್ರ್!"

"ಮೀಸೂಕ್ ಮುಂಚೆ ಮೈಮೇಲಿಂದ್ ಎಂತದೂ ತೆಗೂಕಾಗ" ಎಂದಳು ಬೆಳ್ಳಿ.

"ತೆಗೂದೇ ಬ್ಯಾಡ. ಮೂವತ್ ವರ್ಷ ಕಟ್ಕಂಡದ್ದ್, ಒಟ್ಟಿಗೇ ಹೋಯ್ಲಿ" ಎಂದ ಮತ್ತೊಬ್ಬ.

ಬೆಂಕಿಯಲ್ಲಿ ಕೆಂಪಗೆ ಕರಗುವ ಬೀಗದ ಕೈ, ಅದರ ಹಿಂದೆಯೇ ರಾಜೀವಿಯಮ್ಮನ ನಾಯಿ ರವಿಚಂದ್ರನ ಕಣ್ಣಿಗೆ ಕಟ್ಟಿತು. ಅವನಿಗೆ ನಿಜವಾಗಿಯೂ ಅಳು ಬಂತು.

"ಕಾಣಿ, ಹೇಂಗ್ ಮರ್ಕುತ್ರ್ ಪಾಪ!" ಎಂದು ಬೆಳ್ಳಿ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡಳು. "ಒಡಹುಟ್ಟಿದವ್ರೂ ಹೀಂಗ್ ಮರ್ಕುದಿಲ್ಲ."

ಗೋಡೆಗೆ ಒರಗಿ ಕೂತಿದ್ದ ಚೆನ್ನಯ್ಯನವರ ಹೆಂಡತಿ ಅಪ್ಪಿ ಆಗ ತಲೆಯೆತ್ತಿದರು. "ಅವ್ರಿಗ್ ಕೊಡಿ. ನಿನ್ನೆ ಉಂಬ ಹೊತ್ತಿಗೂ ಇವ್ರದ್ದೇ ಮಾತ್. ರವಿಚಂದ್ರ ಒಳ್ಳೆ ಜನ, ಅವಸರ ಒಂದ್ ಚೂರ್ ಜಾಸ್ತಿ, ಅಂತಿದ್ರ್."

ರವಿಚಂದ್ರನಿಗೆ ಬೆಳಗಿನ ಸುಳ್ಳು ಮೀನಿನ ಮುಳ್ಳಿನ ಹಾಗೆ ಚುಚ್ಚಿತು.

ಆದರೆ ಸ್ನಾನ ಆಗುವವರೆಗೆ ಕಾಯಲೇಬೇಕು. ಸುಮ್ಮನೆ ಕಾಯಲು ನಾಗಣ್ಣ ಬಿಡಬೇಕಲ್ಲ. "ಅಷ್ಟ್ ಪ್ರೀತಿ ಇದ್ದವ್ರ್ ಬದಿಗ್ ನಿಂತ್ರೆ ಹೇಂಗೆ?" ಎಂದು ಬಾವಿಯಿಂದ ಹನ್ನೆರಡು ಕೊಡ ನೀರು ಎಳೆಸಿದ. ಸ್ನಾನವಾಗಿ ಉಡಿದಾರ ಕತ್ತರಿಸಿ ಬೀಗದ ಕೈ ಕೊಟ್ಟವನು, ಓಡಲು ಹೊರಟ ರವಿಚಂದ್ರನ ಹೆಗಲನ್ನೇ ಹಿಡಿದ. "ಎಲ್ಲಿಗೆ? ಹೆಗ್ಲ್ ಕೊಡಿ." ಇಲ್ಲವೆನ್ನಲು ರವಿಚಂದ್ರನಿಗೂ ಮನಸ್ಸಾಗಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟು, ಎಲ್ಲ ಮುಗಿದ ಮೇಲೆ ಬೀಗದ ಕೈಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಳೆಯಲ್ಲಿ ಮುಳುಗಿ ಎದ್ದ. ಆಗ ಮೂರು ಗಂಟೆ.

ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದವನಿಗೆ ಪ್ರಣೀತಾ ಒಂದು ಪಂಚೆಯನ್ನೂ ಖಾಕಿ ಅಂಗಿಯನ್ನೂ ತಂದುಕೊಟ್ಟಳು. "ಮಾವನ ಆಫೀಸಿನ ಅಂಗಿ ಸರ್. ಒಣಗಿದ್ದ್ ಇದೊಂದೇ."

ಲ್ಯಾಬಿನ ಬಾಗಿಲಲ್ಲಿ ವ್ಯಾನಿನ ಹೊಸ ಡ್ರೈವರ್ ಸುಜಿತ್ ಕಾಯುತ್ತಿದ್ದ. ರವಿಚಂದ್ರನ ಎದೆ ನೋಡಿ, "ಬೇಗ ಬನಿ ಚೆನ್ನಯ್ಯಣ್ಣ, ಡ್ರೈ ಐಸ್ ಎಲ್ಲ ಹೊಗೆಯಾಯಿ ಹೋತಾ ಇತ್ತ್" ಎಂದ.

ರವಿಚಂದ್ರ ಬೆಚ್ಚಿ ಕೆಳಗೆ ನೋಡಿಕೊಂಡ. ಜೇಬಿನ ಮೇಲೆ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಹೊಲಿಯಲಾಗಿತ್ತು. ಅದರ ಮೇಲೆ ಫ್ರೀಜರಿನ ಲೇಬಲು. ಲೇಬಲಿನ ಮೇಲೆ ಪೆನ್ಸಿಲಿನಲ್ಲಿ 'ಚೆನ್ನಯ್ಯ'.

ಬೀರು ತೆರೆಯಿತು. ರವಿಚಂದ್ರ ಪುಸ್ತಕಕ್ಕೆ ಕೈ ಹಾಕುವ ಮೊದಲೇ, ಅಲ್ಲೇ ಕಾಯುತ್ತಿದ್ದ ಡಾಕ್ಟರ್ ನಿಖಿತಾ ಅದನ್ನು ಎತ್ತಿಕೊಂಡು ಕೊನೆಯ ಪುಟ ಬಿಡಿಸಿದರು. ಗುಳಿಗಳ ಪಟ್ಟಿ ಅಲ್ಲಿರಲಿಲ್ಲ. ದುಂಡು ಅಕ್ಷರದಲ್ಲಿ ನಾಲ್ಕು ಸಾಲು ಇತ್ತು. ಅವರು ಗಟ್ಟಿಯಾಗಿ ಓದಿದರು:

"ಕೆರಾಡಿ, ನಲವತ್ತೆಂಟು. ರವಿಚಂದ್ರರವರು ಅಂಗಡಿಯ ಸ್ಟಿಕರು ಅಂಟಿಸಿದ್ದಾರೆ. ನಿಲ್ಲಲಾರದು. ಆದುದರಿಂದ ಅಂಟಿಸುವ ಮೊದಲೇ ನಾನು ಟ್ಯೂಬಿನ ಬಿಳಿ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಹೆಸರುಗಳ ಪಟ್ಟಿಯ ನಂಬರು ಬರೆದಿದ್ದೇನೆ. ಅವರು ಫೋನಿನಲ್ಲಿದ್ದುದರಿಂದ ಕಾಣಲಿಲ್ಲ. ಬೇಜಾರು ಮಾಡಿಕೊಂಡಾರೆಂದು ಹೇಳಲೂ ಇಲ್ಲ."

ಡಾಕ್ಟರು ಒಂದು ಟ್ಯೂಬನ್ನು ಎತ್ತಿ ಗ್ಲೌಸಿನ ಬೆರಳಿನಿಂದ ಉಜ್ಜಿದರು. ಹಿಮದ ಪುಡಿ ಉದುರಿತು. ಅಡಿಯಲ್ಲಿ ನಲವತ್ತೆಂಟು ಎಂಬ ನಂಬರು ಇತ್ತು. ಹೆಸರುಗಳ ಪಟ್ಟಿಯಲ್ಲಿ ನಲವತ್ತೆಂಟು ಎಂದರೆ ರಾಜೀವಿಯಮ್ಮ. ಬೆಳಿಗ್ಗೆ ಒಂದು ಬೆರಳು ಆಡಿಸಿದ್ದರೆ ಸಾಕಿತ್ತು.

ನಾಲ್ಕಕ್ಕೆ ಸರಿಯಾಗಿ ನಲವತ್ತೆಂಟೂ ವ್ಯಾನು ಹತ್ತಿದವು.

ವ್ಯಾನಿನ ಸದ್ದು ದೂರವಾದ ಮೇಲೆ ಡಾಕ್ಟರು ಕೇಳಿದರು. "ಸ್ಟಿಕರ್ ಅಂಟ್ಸಿದ್ದ್ ಯಾರ್ ಅಂತ ಹೇಳಿದ್ರಿ ಬೆಳಿಗ್ಗೆ?"

ರವಿಚಂದ್ರ ತಲೆ ತಗ್ಗಿಸಿ ಎದೆಯ ಲೇಬಲನ್ನು ಉಗುರಿನಿಂದ ಕೀಳುತ್ತಿದ್ದ. ಅದು ಕೂದಲೆಳೆಯಷ್ಟೂ ಏಳಲಿಲ್ಲ.

"ಬಿಡಿ, ಅದ್ ಬಪ್ದಲ್ಲ" ಎಂದರು ಡಾಕ್ಟರು. "ನೀವ್ ಹೇಳಿದ್ದ್ ಸರಿಯೇ ಇತ್ತ್. ಅಂಟ್ಸಿದವ್ರ್ ಹೆಸ್ರ್ ಚೆನ್ನಯ್ಯ ಅಂತ ನಿಮ್ಮ ಎದೆ ಮೇಲೇ ಬರ್ದಿತ್ತಲೆ. ಬೈಂದೂರಿಂದ ಬಪ್ಪ ವಾರ ಇನ್ನೂರ್ ಟ್ಯೂಬ್ ಬತ್ತ್. ಒರ್ಸೂದೂ ನೀವೇ, ಬರೆಯೂದೂ ನೀವೇ. ಆ ಅಂಗಿ ನಿಮ್ಮ ಹತ್ರವೇ ಇರ್ಲಿ."

ಎಲ್ಲರೂ ಹೋದ ಮೇಲೆ ರವಿಚಂದ್ರ ಚೆನ್ನಯ್ಯನವರ ಸ್ಟೂಲಿನ ಮೇಲೆ ಕೂತ. ತೆರೆದ ಬೀರುವಿನಲ್ಲಿ ಚೂಪು ಮಾಡಿಟ್ಟ ಏಳು ಪೆನ್ಸಿಲುಗಳಿದ್ದವು. ಹಿಂದೆ, ಒಂದು ಸಣ್ಣ ದೇವರ ಪಟ. ಅವನು ಒಂದು ಪೆನ್ಸಿಲು ತೆಗೆದು ಕಿವಿಯ ಮೇಲೆ ಇಟ್ಟುಕೊಂಡ. ಆಮೇಲೆ ಎರಡೂ ಕೈ ಜೋಡಿಸಿದ.

"ದೇವರೇ, ಇವತ್ತು ನಿನ್ನ ಬಳಿಗೆ ಬಂದ ಜೀವಕ್ಕೆ ಶಾಂತಿ ಕೊಡು. ನಿನ್ನ ಪುಸ್ತಕದಲ್ಲಿ ಅವರ ಹೆಸರು ಎಂದೂ ಅಳಿಯದ ಹಾಗೆ ಬರೆದುಕೋ. ಬೆಳಿಗ್ಗೆ ನಾನು ಅವರ ಮೇಲೆ ಅಂಟಿಸಿದ ಸುಳ್ಳು ಮಾತ್ರ ಅಂಗಡಿಯ ಸ್ಟಿಕರಿನ ಹಾಗೆ ಉದುರಿ ಹೋಗಲಿ. ಚೆನ್ನಯ್ಯನವರ ಆತ್ಮಕ್ಕೆ ಸದ್ಗತಿಯಾಗಲಿ."