ನೂರು ರೂಪಾಯಿಯಲ್ಲಿ ಹಡಗು ಹತ್ತಿದ್ದು

ನಮ್ಮ ಅವ್ವ ಯಾವುದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡಲು ಹೊರಟರೆ ಉಳಿಯುವುದು ಬರೀ ರೊಕ್ಕವಲ್ಲ, ವರ್ಷಗಟ್ಟಲೆ ಹೇಳಿ ನಗುವಷ್ಟು ಸಂಗತಿಗಳೂ ಉಳಿಯುತ್ತವೆ. ಇಂಥವು ನಮ್ಮ ಮನೆಯಲ್ಲಿ ತಿಂಗಳಿಗೊಂದಾದರೂ ಆಗುತ್ತಲೇ ಇರುತ್ತವೆ. ಆದರೆ ಇಚಲಕರಂಜಿಯ ನಮ್ಮ ಓಣಿಯ ಹೆಂಗಸರು ಇವತ್ತಿಗೂ ಬಂದು ಕೇಳುವುದು ಹಡಗಿನ ಪ್ರವಾಸದ್ದು. "ವೈನಿ, ಹಡಗಿನ್ಯಾಗ ಹೋಗಬೇಕಂದ್ರ ಏನೇನ ಮಾಡಬೇಕ್ರಿ?" ಅವ್ವ ಸೆರಗು ಸರಿಮಾಡಿಕೊಂಡು ಒಂದೊಂದಾಗಿ ಹೇಳುತ್ತಾಳೆ. ಅವಳು ಹೇಳದೆ ಬಿಡುವುದನ್ನು ನಾನು ಇಲ್ಲಿ ಬರೆದಿದ್ದೇನೆ. ನಾನು ಮಾತು ಕಡಿಮೆ ಆಡುವವಳು. ಹೀಗಾಗಿ ನೋಡುವುದಕ್ಕೆ ನನಗೆ ಬಹಳ ಪುರಸೊತ್ತು.

ಹಡಗಿನ ಮಾತು ಹುಟ್ಟಿದ್ದು ಗಡಹಿಂಗ್ಲಜದಲ್ಲಿ, ಅತ್ತಿಯ ಮನೆಯಲ್ಲಿ. ಅತ್ತಿ ಅಂದರೆ ಅಪ್ಪನ ಅಕ್ಕ. ಮೆಣಸಿನಕಾಯಿ ವ್ಯಾಪಾರದ ಮನೆತನ, ದೊಡ್ಡ ದನಿ. ಅಪ್ಪನಿಗೆ ನಾಲ್ಕು ಮಗ್ಗಗಳಿವೆ, ಆದರೆ ಅಕ್ಕನನ್ನು ಕೇಳದೆ ಐದನೆಯದನ್ನು ಹಾಕುವ ಧೈರ್ಯವಿಲ್ಲ. ನಾನು ಕೊಲ್ಲಾಪುರದಲ್ಲಿ ಸಿಸ್ಟರುಗಳ ಇಂಗ್ಲಿಷ್ ಶಾಲೆಯಿಂದ ಮೆಟ್ರಿಕ್ ಪರೀಕ್ಷೆ ಬರೆದು ಬಂದಿದ್ದೆ. ಮುಂದೆ ಅಲ್ಲೇ ಹಾಸ್ಟೆಲಿನಲ್ಲಿಟ್ಟು ಕಾಲೇಜಿಗೆ ಕಳಿಸಬೇಕೆಂದು ಅವ್ವನ ಹಟ.

ಅತ್ತಿ ಅಂದಳು: "ಇಷ್ಟು ವರ್ಷ ಇಂಗ್ಲಿಷ್ ಕಲ್ತಾಳ, ಮಂದಿ ಮುಂದ ಬಾಯಿ ಬಿಡೂದಿಲ್ಲ. ಇನ್ನ ಕಾಲೇಜ್ಯಾಕ? ಮ್ಯಾಲೆ ಹಾಸ್ಟೆಲ್ ಅಂದ್ರ ರೊಕ್ಕ ಹಿಡದು ನಡಸೂ ಕೈ ಬೇಕು. ನಿನ್ನ ಕೈ ಭಾಳ ಸಡಲ. ನಾಳೆ ಮಗಳನ್ನ ಹಡಗಿನ್ಯಾಗ ಕುಂಡ್ರಿಸಿ ವಿಲಾಯತಿಗೂ ಕಳಸ್ತೀ ಏನ?"

ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ಹಡಗೇನ ದೊಡ್ಡದ್ರಿ ಅಕ್ಕಾರ. ಮೊದಲ ನಿಮ್ಮನ್ನ ಕುಂಡ್ರಸ್ತೀನಿ. ನೂರು ರೂಪಾಯಿ ನಿಮ್ಮ ಕೈಯಾಗ ಕೊಡ್ತೀನಿ, ಖರ್ಚು ನೀವ ಮಾಡ್ರಿ. ಅದರಾಗ ನಿಮ್ಮ ಅವ್ವನ್ನೂ ಹಿಡದು ನಾವು ಐದು ಮಂದಿ ಹಡಗು ಹತ್ತಿ ಇಳದು ಮನಿಗೆ ಬರಬೇಕು. ಒಂದು ರೂಪಾಯಿ ಹೆಚ್ಚಾತಂದ್ರ ಹುಡುಗಿ ಮನ್ಯಾಗ ಇರ್ಲಿ. ಉಳೀತಂದ್ರ ಕಾಲೇಜಿಗೆ."

"ನಡೀಲಿ," ಅಂದಳು ಅತ್ತಿ. ಅಪ್ಪ ಮಾತ್ರ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

೧. ಮೊದಲು ಒಂದು ಕಾಗದ ಹಾಕಬೇಕು

ಅವ್ವನ ಮೊದಲ ಪಾಠ: ಹೋಗಿ ಕೇಳಿದರೆ ಬಸ್ಸಿನ ಖರ್ಚು, ಬರೆದು ಕೇಳಿದರೆ ಒಂದು ಟಪಾಲು ಪಾಕೀಟಿನ ಖರ್ಚು. ಹಡಗಿನ ಏಜಂಟರಿಗೆ ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಸಂತೆಯಲ್ಲಿ ಬದನೆಕಾಯಿ ಕೇಳುವ ಹಾಗೆ ಹೇಳತೊಡಗಿದಳು.

"ಐದು ಮಂದಿ ಅದೀವಿ ಅಂತ ಬರಿ. ಒಬ್ಬಾಕಿ ಮುದುಕಿ, ತೂಕ ಇಲ್ಲ. ಒಬ್ಬಾಕಿ ಹುಡುಗಿ, ಮಾತಿಲ್ಲ. ಇಬ್ಬರದೂ ಕೂಡಿ ಒಂದ ಟಿಕೀಟು ಮಾಡ್ರಿ ಅಂತ ಬರಿ."

ನಾಚಿಕೆಯಿಂದ ಕಿವಿ ಬಿಸಿಯಾದರೂ ಬರೆದೆ. ಕೊನೆಗೆ ಶಾಲೆಯಲ್ಲಿ ಕಲಿಸಿದ ಹಾಗೆ 'ತಮ್ಮ ಅತ್ಯಂತ ವಿಧೇಯ ಸೇವಕಿ' ಎಂದು ಇಂಗ್ಲಿಷಿನಲ್ಲಿ ಹಾಕಿದೆ. ಓದಿಸಿ ಅರ್ಥ ಹೇಳಿಸಿಕೊಂಡ ಅವ್ವ ಕಾಗದ ಕಸಿದುಕೊಂಡಳು. "ರೊಕ್ಕ ಕೊಡಾಕಿ ನಾನು, ಸೇವಕಿ ಹ್ಯಾಂಗ ಆಗ್ತೀನಿ? ಅದನ್ನ ಹೊಡದು ಹಾಕು. ಬರೆಯೂದಿದ್ರ ಅಂವ ಬರೀಲಿ."

ಎಂಟು ದಿನಕ್ಕೆ ಉತ್ತರ ಬಂತು. ಹಡಗಿನ ವೇಳಾಪತ್ರಿಕೆ, ದರದ ಪಟ್ಟಿ, ಮಳೆಗಾಲ ಹಿಡಿಯುವ ಮೊದಲೇ ಬರಬೇಕೆಂಬ ಸೂಚನೆ; ಎಲ್ಲಕ್ಕೂ ಅಗ್ಗ ಅಂದರೆ ಡೆಕ್ಕಿನ ಮೇಲೆ ಕೂರುವ ಟಿಕೀಟು; ಮುದುಕಿಯರಿಗೂ ಮಾತಾಡದ ಹುಡುಗಿಯರಿಗೂ ಪೂರ್ತಿ ದರ. ನಾನು ಹೆದರುತ್ತಲೇ ಕೊನೆಯವರೆಗೂ ಓದಿ ಹೇಳಿದೆ. ಕೊನೆಯಲ್ಲಿ ಏಜಂಟರ ಸಹಿ, ಅದರ ಮೇಲೆ 'ತಮ್ಮ ವಿಧೇಯ ಸೇವಕ'.

ದರ ಇಳಿಯದಿದ್ದುದನ್ನು ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. "ನೋಡ, ಬರದಾನಿಲ್ಲ?" ಅಂದಳು.

೨. ನೀರು ಮನೆಯದೇ ಇರಲಿ

ಹೊರಗೆ ತಿಂದರೆ ರೊಕ್ಕ ಹೋಗುತ್ತದೆ; ನಾವು ಜೈನರು, ಹೊರಗೆ ತಿನ್ನುವುದೂ ಇಲ್ಲ. ಮೂರು ದಿನದ ದಪಾಟಿ ರೊಟ್ಟಿ, ಶೇಂಗಾ ಚಟ್ನಿ, ಗುಳ್ಳಡಕಿ ಉಂಡೆ ಗಂಟು ಕಟ್ಟಿದ್ದಾಯಿತು. ಸೋಸದ ನೀರು ಕುಡಿಯುವ ಹಾಗಿಲ್ಲವೆಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದು ಹಿತ್ತಾಳೆ ಕೊಡದ ತುಂಬ ಮನೆಯ ಬಾವಿ ನೀರು ಸೋಸಿ ಬಾಯಿಗೆ ಬಟ್ಟೆ ಕಟ್ಟಿಸಿದಳು.

ಗಡಹಿಂಗ್ಲಜದಲ್ಲಿ ಅತ್ತಿಯನ್ನು ಕರೆದುಕೊಂಡು ವೆಂಗುರ್ಲೆಯ ಎಸ್.ಟಿ. ಬಸ್ಸು ಹತ್ತಿದೆವು. ಕಂಡಕ್ಟರ್ ಕೊಡವನ್ನು ನೋಡಿದ, ನಮ್ಮನ್ನು ನೋಡಿದ. "ಬಾಯಿ, ಸಮುದ್ರಾಲಾ ಪಾಣೀ ಘೇವೂನ್ ಚಾಲಲಾ ಕಾಯ್?" ಸಮುದ್ರಕ್ಕೇ ನೀರು ಒಯ್ಯುತ್ತೀರೇನು ಎಂದು ಚೇಷ್ಟೆ.

"ಸಮುದ್ರಾಚಂ ತುಮ್ಹೀ ಪ್ಯಾ," ಅಂದಳು ಅವ್ವ. ಸಮುದ್ರದ್ದನ್ನು ನೀವು ಕುಡೀರಿ.

ಅವನಿಗೆ ಸಿಟ್ಟು ಬಂತು. ಕೊಡಕ್ಕೆ ಲಗೇಜು ಚಾರ್ಜು ಆಗುತ್ತದೆ ಅಂದ. ಅತ್ತಿ ಆಗಲೇ ನೂರು ರೂಪಾಯಿ ಇಟ್ಟಿದ್ದ ಸೊಂಟದ ಚೀಲಕ್ಕೆ ಕೈ ಹಾಕಿದ್ದಳು, ಮುಖದಲ್ಲಿ ಸಣ್ಣ ನಗೆ. ಅವ್ವ ಆ ಕೈ ಹಿಡಿದು ಕಂಡಕ್ಟರನನ್ನು ಕೇಳಿದಳು: ಕೆಳಗಿಟ್ಟರೆ ಲಗೇಜು, ತೊಡೆಯ ಮೇಲೆ ಇಟ್ಟುಕೊಂಡರೆ? ಅವನು ತಲೆ ಕೆರೆದುಕೊಂಡು ತೊಡೆಯ ಮೇಲಿನದಕ್ಕೆ ಚಾರ್ಜಿಲ್ಲ ಅಂದ.

ಅಲ್ಲಿಂದ ಮುಂದೆ ಕೊಡ ಸರದಿಯ ಮೇಲೆ ಐದು ತೊಡೆ ಸುತ್ತಿತು. ಆಂಬೋಲಿ ಘಾಟಿನಲ್ಲಿ ಬಸ್ಸು ಹೊರಳಿದಂತೆಲ್ಲ ಅದು ಒಂದೊಂದು ಬೊಗಸೆ ಚೆಲ್ಲುತ್ತ ಬಂತು, ಎಲ್ಲಕ್ಕಿಂತ ದೊಡ್ಡ ತಿರುವಿನಲ್ಲಿ ಸರದಿ ಅತ್ತಿಯದಿತ್ತು. ವೆಂಗುರ್ಲೆಯಲ್ಲಿ ಇಳಿದು ಸೀರೆ ಹಿಂಡುತ್ತ ಅಂದಳು: "ಮಂದಿ ಸಮುದ್ರಕ್ಕ ಬಂದು ತೊಯ್ತಾರ. ನಾವು ತೊಯ್ದು ಸಮುದ್ರಕ್ಕ ಬಂದೀವಿ."

೩. ಹಾಸಿದವರದೇ ಜಾಗ

ಧರ್ಮಶಾಲೆಯಲ್ಲಿ ರಾತ್ರಿ ಕಳೆದು ಮರುದಿನ ಹೋಡಿ ಎಂಬ ಸಣ್ಣ ದೋಣಿಯಲ್ಲಿ ಹೋಗಿ ಹಡಗು ಹತ್ತಿದೆವು. ಪಣಜಿಯಿಂದ ಮುಂಬೈಗೆ ಹೋಗುವ ಹಡಗು. ನಾವು ಸಂಜೆಗೆ ರತ್ನಾಗಿರಿಯಲ್ಲಿ ಇಳಿದು, ಮರುದಿನ ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಬರುವುದು. ಹಗಲಿನಲ್ಲೇ ಮುಗಿಯುವ ಸಮುದ್ರ, ಅದಕ್ಕೇ ಅಗ್ಗ ಎಂದು ಅವ್ವ ವೇಳಾಪತ್ರಿಕೆ ಹಿಡಿದು ಲೆಕ್ಕ ಹಾಕಿದ್ದಳು.

ಡೆಕ್ಕಿನ ಮೇಲೆ ಸೀಟಿಲ್ಲ, ನಂಬರಿಲ್ಲ. ಯಾರ ಹಾಸಿಗೆ ಎಲ್ಲಿ ಬಿತ್ತೋ ಅದು ಅವರ ಊರು. ಎಲ್ಲರೂ ಚಾಪೆ ಎತ್ತಿಕೊಂಡು ಓಡಿದರು. ಅಪ್ಪ ಓಡಲಿಲ್ಲ. ಬಗಲಲ್ಲಿದ್ದ ಸುರುಳಿಯ ಒಂದು ತುದಿ ಹಿಡಿದು ಕೊಡವಿದ. ನಮ್ಮ ಮಗ್ಗದ ಬಣ್ಣ ಹಾಕದ ಕೋರಾ ಬಟ್ಟೆಯ ಅರ್ಧ ತಾನು, ಇಪ್ಪತ್ತು ಗಜದಷ್ಟು ಉದ್ದ. ಅದು ಬೆಳ್ಳಗೆ ಉರುಳುತ್ತ ಉರುಳುತ್ತ ಡೆಕ್ಕಿನ ಆ ತುದಿ ಮುಟ್ಟಿತು. ಯಾರೋ ಮಂತ್ರಿ ಬರುತ್ತಾರೆಂದು ತಿಳಿದು ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ಬದಿಗೆ ಸರಿದರು. ಮಂತ್ರಿಯ ಬದಲು ನಮ್ಮ ಆಯಿ ನಡುವೆ ಹೋಗಿ ಕಾಲು ಚಾಚಿ ಕುಳಿತಳು.

ಪಕ್ಕದಲ್ಲಿದ್ದ ಮಾಲವಣದ ಅಂಗಡಿಕಾರರೊಬ್ಬರು ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಎಲ್ಲಿಯದು, ಗಜಕ್ಕೆ ಎಷ್ಟು ಎಂದು ಕೇಳಿದರು. ಅಪ್ಪ ಮನೆಯಲ್ಲಿ ಮೂರು ಮಾತು ಆಡುವವನಲ್ಲ. ಆ ದಿನ ಎದೆ ಮುಂದೆ ಮಾಡಿ, ಇಚಲಕರಂಜಿಯ ನೂಲು, ಇಚಲಕರಂಜಿಯ ನೇಯ್ಗೆ, ಹತ್ತು ಸಲ ಒಗೆದರೂ ಮೈ ಬಿಡುವುದಿಲ್ಲ ಎಂದು ಮರಾಠಿಯಲ್ಲಿ ಭಾಷಣವನ್ನೇ ಮಾಡಿದ. ಅಂಗಡಿಕಾರರು ನಾಲ್ಕು ಗಜ ಹರಿಸಿಕೊಂಡರು. ಅವರದನ್ನು ನೋಡಿ ಇನ್ನೊಬ್ಬರು ಮೂರು, ಮತ್ತೊಬ್ಬರು ಐದು. ಅಪ್ಪ ಮೊಳಕೈಯಿಂದ ಅಳೆದು ಕೊಡುತ್ತಲೇ ಹೋದ.

ಅತ್ತಿ ಆಗಲೇ ಹೇಳಿಟ್ಟಳು: "ಬಟ್ಟಿ ರೊಕ್ಕ ಬ್ಯಾರೆ, ನೂರು ರೂಪಾಯಿ ಬ್ಯಾರೆ. ಕೂಡಿಸಬ್ಯಾಡ್ರಿ."

ಅವ್ವನ ಚಿಂತೆ ಅದಲ್ಲ. ಮಾಲವಣ ಬರುವ ಹೊತ್ತಿಗೆ ನಾವು ನಾಲ್ಕೂ ಮಂದಿ ಉಳಿದ ತುಂಡಿನ ಮೇಲೆ ಆಯಿಯ ಸುತ್ತ ಮೊಣಕಾಲು ಮಡಚಿ ಕುಳಿತಿದ್ದೆವು. ಅಪ್ಪನ ಅಂಗಿ ಜಗ್ಗಿ ಅವ್ವ ಮೆಲ್ಲಗೆ ಅಂದಳು: "ಇನ್ನ ಸಾಕ ಮಾಡ್ರಿ. ಮತ್ತೊಬ್ಬ ಗಿರಾಕಿ ಬಂದ್ರ ನಿಮ್ಮ ಅವ್ವನ್ನ ಎಬ್ಬಸಬೇಕಾಗ್ತೈತಿ."

೪. ಗಂಡಸರನ್ನು ಮಲಗಲು ಬಿಡಬೇಕು

ಮಗ್ಗದವರು ಹೊಯ್ದಾಟಕ್ಕೆ ಹೆದರುವುದಿಲ್ಲ. ಡೆಕ್ಕಿನ ಮೇಲೆ ಅರ್ಧ ಮಂದಿ ಲಿಂಬೆಹಣ್ಣು ಮೂಸುತ್ತ ಮಲಗಿದ್ದರು. ಅಪ್ಪನಿಗೆ ಕೆಳಗಿನ ಇಂಜಿನ್ನಿನ ಖಟಖಟ ಕಿವಿಗೆ ಬಿದ್ದದ್ದೇ ತಡ, ತೊಟ್ಟಿಲಲ್ಲಿ ಹಾಕಿದ ಕೂಸಿನ ಹಾಗೆ ನಿದ್ದೆ ಹೋದ.

ದೇವಗಡದ ಹತ್ತಿರ ಹಡಗು ನಿಂತು ಸದ್ದು ಅಡಗಿತು. ಅಪ್ಪ ಧಡಕ್ಕನೆ ಎದ್ದು ಕುಳಿತ. "ಮಗ್ಗ ಯಾಕ ನಿಂತ್ವು? ಕರೆಂಟ್ ಹೋತೇನು?" ಯಾರೂ ಉತ್ತರ ಕೊಡುವ ಮೊದಲೇ ಎದ್ದು, ಹಗ್ಗ ಎಳೆಯುತ್ತ ನಿಂತಿದ್ದ ಖಲಾಸಿಯ ಹತ್ತಿರ ಹೋಗಿ ಕೈಯೊಳಗಿನ ಹಗ್ಗ ನೋಡಿ ಗದರಿಸಿದ: "ಎಳಿ ಹರದದ್ದು ಕಾಣಸೂದಿಲ್ಲ? ಮೊದಲ ಗಂಟ ಹಾಕು."

ಖಲಾಸಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ದನಿ ಮಾಲಕರದೆಂದು ಗೊತ್ತಾಗಿರಬೇಕು. ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ.

೫. ಇಳಿಯುವ ಊರಿನಲ್ಲಿ ಇಳಿಯಬೇಕು

ಇದನ್ನು ಅವ್ವ ಓಣಿಯವರಿಗೆ ಹೇಳುವಾಗ ನನ್ನ ಕಡೆ ನೋಡುವುದಿಲ್ಲ.

ಹೊತ್ತು ಇಳಿಯುತ್ತ ಬಂದಾಗ ಊಟಕ್ಕೆ ಕುಳಿತೆವು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಗಡಹಿಂಗ್ಲಜದಲ್ಲಿ ಅತ್ತಿಯ ಮನೆಯ ಹಿಂದೆಯೇ ಗುಡ್ಡ. ಸೂರ್ಯ ಅದರ ಹಿಂದೆ ಜಾರಿದನೆಂದರೆ ಅಡುಗೆಮನೆಗೆ ಬೀಗ. ನಲವತ್ತು ವರ್ಷ ಅವಳು ಗಡಬಡಿಸಿಯೇ ಉಂಡಿದ್ದಳು. ಇಲ್ಲಿ ಗುಡ್ಡವಿಲ್ಲ. ಸೂರ್ಯ ನೀರಿನ ಮೇಲೆ ತಾಟಿನ ಹಾಗೆ ಕುಳಿತುಬಿಟ್ಟಿದ್ದ. ಅತ್ತಿ ಒಂದು ದಪಾಟಿ ಮುಗಿಸಿ ತಲೆ ಎತ್ತಿ ನೋಡಿದಳು. "ಇನ್ನೂ ಅದಾನ. ಇನ್ನೊಂದ ಹಾಕು." ಎರಡನೆಯದೂ ಮುಗಿಯಿತು. "ಇನ್ನೂ ಅದಾನ." ನಾಲ್ಕನೆಯದಕ್ಕೆ ಅವಳ ಮುಖ ಸಣ್ಣ ಹುಡುಗಿಯ ಹಾಗೆ ಅರಳಿತ್ತು.

ಕತ್ತಲಾಗುವ ಮುಂಚೆ ರತ್ನಾಗಿರಿ ಬಂತು. ಇಳಿಸಲು ಹೋಡಿಗಳು ಬಂದು ನಿಂತವು. ಅಪ್ಪ ಆಯಿಯನ್ನು ಇಳಿಸಿ ಗಂಟು ಇಳಿಸಿದ. ಅತ್ತಿ ಎರಡೂ ಕೈಯಿಂದ ಡೆಕ್ಕಿನ ಅಂಚಿನ ಕಟಾಂಜನ ಹಿಡಿದು ಕುಳಿತಲ್ಲೇ ಕುಳಿತಿದ್ದಳು.

"ಏಳ್ರಿ ಅಕ್ಕಾರ," ಅಂದಳು ಅವ್ವ.

"ನಾ ಇಳಿಯಾಂಗಿಲ್ಲ. ಮುಂಬೈತನಕ ಹೋಗೂಣು. ನಾಳೆ ಮತ್ತ ಹಿಂಗ ಉಣ್ಣೂಣು."

"ಟಿಕೀಟು ಇಲ್ಲಿತನಕ ಐತ್ರಿ."

"ರೊಕ್ಕ ನನ್ನ ಹತ್ರ ಐತಲ್ಲ. ಐದೂ ಮಂದಿದು ತಗಸ್ತೀನಿ."

ಅವ್ವನ ಮುಖ ಬಿಳಚಿತು. ಸೊಂಟದ ಚೀಲದಲ್ಲಿ ಇನ್ನೂ ಹದಿನೆಂಟು ರೂಪಾಯಿ ಇದ್ದವು, ಮರುದಿನದ ಬಸ್ಸಿಗೆ ಕೊಟ್ಟರೂ ಉಳಿಯುತ್ತಿತ್ತು. ಮುಂಬೈ ಅಂದರೆ ನೂರು ದಾಟಿ ಎಲ್ಲಿಗೋ ಹೋಗುತ್ತದೆ, ಅದರ ಜೊತೆ ನನ್ನ ಕಾಲೇಜೂ. ಅವ್ವ ಬೆರಳು ಮಡಚಿ ಲೆಕ್ಕ ಹಾಕುತ್ತ ನಿಂತಳು. ಅಪ್ಪ ಅಕ್ಕನಿಗೆ ಆಗದು ಅನ್ನುವವನಲ್ಲ, ಹೋಡಿಯಿಂದಲೇ, "ಗಂಟು ಮ್ಯಾಲೆ ತರಲೇನ?" ಎಂದು ಕೇಳಿದ.

ಅಷ್ಟರಲ್ಲಿ ಬಿಳಿ ದಿರಿಸಿನ ಹಡಗಿನ ಸಾಹೇಬರೊಬ್ಬರು ಬಂದರು. ಗೋವೆಯವರಿರಬೇಕು. ಅತ್ತಿಗೆ ತಲೆ ಬಾಗಿಸಿ ಇಂಗ್ಲಿಷಿನಲ್ಲಿ, "ಗುಡ್ ಈವ್ನಿಂಗ್ ಮೇಡಮ್. ರತ್ನಾಗಿರಿ," ಅಂದು ನಿಂತರು.

"ಏನಂತಾನ?" ಅತ್ತಿ ನನ್ನನ್ನು ಕೇಳಿದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲ, ಮಾತನಾಡಿಯೇ ಅಭ್ಯಾಸವಿಲ್ಲ. ಎಲ್ಲಿಂದ ಬಂತೋ, ಬಾಯಿ ತಾನೇ ತೆರೆಯಿತು.

"ನಮಸ್ಕಾರ ಅಂದಾರ, ಅತ್ತಿ. ಬೇಕಾದ್ರ ಕುಂಡ್ರಬಹುದಂತ. ಆದ್ರ ರತ್ನಾಗಿರಿಯೊಳಗ ಮೀನಿನ ಬುಟ್ಟಿ ಏರಸ್ತಾರಂತ. ಇಡೂ ಜಾಗಾ ಇದ ಅಂತ. ನಿಮಗ ತ್ರಾಸಿಲ್ಲಂದ್ರ ಬುಟ್ಟಿ ನಡುವ ಸರದು ಕುಂಡರ್ರಿ ಅಂತಾರ."

ಮಾತು ಮುಗಿಯುವ ಮೊದಲೇ ಅತ್ತಿ ಏಣಿಯ ಮೇಲಿದ್ದಳು. ನಾನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಧನ್ಯವಾದ ಹೇಳಿದೆ. ಅಪರಿಚಿತರೊಂದಿಗೆ ನಾನು ಆಡಿದ ಮೊದಲ ಇಂಗ್ಲಿಷ್ ಮಾತು ಅದು. ಅವರಿಗೆ ಯಾತಕ್ಕೆಂದು ತಿಳಿಯಲಿಲ್ಲ.

ಹೋಡಿಯಲ್ಲಿ ನಾನು ಯಾರ ಮುಖವನ್ನೂ ನೋಡದೆ ಕುಳಿತೆ. ಅರ್ಧ ದಾರಿಯಲ್ಲಿ ಎದುರಿನಿಂದ ಇನ್ನೊಂದು ಹೋಡಿ ಹಡಗಿನ ಕಡೆ ಹೊರಟಿತ್ತು. ಅದರ ತುಂಬ, ಒಂದರ ಮೇಲೊಂದು, ಮೀನಿನ ಬುಟ್ಟಿಗಳು.

ಅತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವು ದಾಟಿಹೋಗುವ ತನಕ ನೋಡಿದಳು. ಆಮೇಲೆ ಸೊಂಟದ ಚೀಲ ಬಿಚ್ಚಿ, ಹದಿನೆಂಟು ರೂಪಾಯಿಯನ್ನೂ ಅವ್ವನ ಉಡಿಗೆ ಹಾಕಿದಳು.

"ಇಕಿನ್ನ ಕಾಲೇಜಿಗೆ ಕಳಸು," ಅಂದಳು. "ಆ ಮನಷ್ಯಾ ಆಡಿದ್ದು ನಾಲ್ಕ ಮಾತು. ಅದರಾಗಿಂದ ಇಕಿ ಇಷ್ಟು ಅರ್ಥ ತಗದಾಳ. ಇನ್ನೂ ಕಲ್ತ್ರ ಎಷ್ಟ ತಗೀಬಹುದು ನೋಡ."