ಮಾವನ ಕೈಗೆ ಬಂದ ತಡೆಯಾಜ್ಞೆ

ನನ್ನ ಸೋದರಮಾವನ ಎದುರು ಯಾರೂ ಕತ್ತು ನೀವಿಕೊಳ್ಳಬಾರದು. ನೀವಿಕೊಂಡರೆ ಮಿಕ್ಕದ್ದನ್ನು ಅವರೇ ನೋಡಿಕೊಳ್ಳುತ್ತಿದ್ದರು! ತೊಂಬತ್ತರ ದಶಕದಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಅವರಿಗೆ ಮನುಷ್ಯನೆಂದರೆ ಬೋಲ್ಟು ಸಡಿಲಾದ ಇನ್ನೊಂದು ಯಂತ್ರ. ಶಿಫ್ಟು ಮುಗಿಸಿ ಬಂದವರೇ ಮನೆ ಮುಂದೆ ಬೆಂಚು ಹಾಕಿ ಜನರ ಉಳುಕು ತೆಗೆಯುತ್ತಿದ್ದರು.

ಕತ್ತು ಹಿಡಿದು ಸಂಸಾರದ ಪ್ರಶ್ನೆ ಕೇಳುವುದು ಅವರ ವಿಧಾನ. ಉತ್ತರ ಹುಡುಕುವಾಗ ಮೈ ಸಡಿಲವಾಗುತ್ತದಂತೆ.

“ಹೆಂಡ್ತಿ ತವರು ಯಾವ್ದಪ್ಪಾ?”

“ಬಾದಾಮಿ ಹಂತ್ಯಾಕ ರೀ, ಹಳ್ಳಿ ಹೆಸ್ರು…”

ಲಟಕ್. ಆ ಹಳ್ಳಿಯ ಹೆಸರು ನಮಗಿನ್ನೂ ತಿಳಿದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾವು ತಲೆಯೆತ್ತಿ ಓಡಾಡಬಹುದಿತ್ತು. ನನಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಸೊಂಟ ಹಿಡಿದುಕೊಂಡು ಎದ್ದರು. ಕಾಫಿ ಬರುವಷ್ಟರಲ್ಲಿ ಅವರು ಚಾಪೆಯ ಮೇಲೆ ಬೋರಲು, ನಮ್ಮ ಮಾವನ ಮೊಣಕಾಲು ಅವರ ಬೆನ್ನ ಮೇಲೆ. ಸೊಂಟ ನೆಟ್ಟಗಾಯಿತು; ಸಂಬಂಧ ಮುರಿಯಿತು.

ಆಮೇಲೆ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಬಂದಿದ್ದ ಅಮೆರಿಕದವನೊಬ್ಬನ ಬೆನ್ನು ಹಿಡಿದುಕೊಂಡಿತು. ಮಾವ ಬಿಡಿಸಿದರು. ತಮ್ಮ ದೇಶದಲ್ಲಿ ಹೀಗೆ ಬೆನ್ನುಮೂಳೆ ಸರಿಮಾಡುವವರನ್ನು ‘ಕೈರೋಪ್ರಾಕ್ಟರ್’ ಎನ್ನುತ್ತಾರೆ, ಹೆಸರಿನ ಮುಂದೆ ‘ಡಾಕ್ಟರ್’ ಕೂಡ ಹಾಕುತ್ತಾರೆಂದು ಅವನು ಹೇಳಿದ್ದೇ ತಡ, ಮನೆ ಮುಂದೆ ಬೋರ್ಡು ಎದ್ದಿತು: ಡಾಕ್ಟರ್, ಕೈರೋಪ್ರಾಕ್ಟರ್.

ಬೀದಿಯ ಎಂಬಿಬಿಎಸ್ ಡಾಕ್ಟರು ಸುಮ್ಮನಿರುತ್ತಾರೆಯೇ? ಎಕ್ಸ್‌ರೇ ಇಲ್ಲದೆ, ಒಳಗೆ ಮುರಿದಿದೆಯೋ ಉಳುಕಿದೆಯೋ ತಿಳಿಯದೆ, ಬೆನ್ನುಮೂಳೆ ತಿರುಚಲು ಇವರು ಯಾರು ಎಂದು ಕೇಸು ಹಾಕಿದರು. ನ್ಯಾಯವಾದ ಮಾತೇ. ಆದರೆ ಕೈ ಕಟ್ಟಿಹಾಕಿದರೆ ಮಾವನಲ್ಲಿ ಮಾವ ಉಳಿಯುವುದೆಷ್ಟು?

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು, “ಏನು ಓದಿದ್ದೀರಿ?” ಎಂದರು.

“ಏಳನೇ ಕ್ಲಾಸು ಸಾರ್. ಅದಿರ್ಲಿ, ನಿಮ್ಮ ಎಡಭುಜ ಇಳಿದಿದೆ. ಒಂದ್ನಿಮಿಷ ಬನ್ನಿ ಈ ಕಡೆ.”

ಹೇಳಿದವರೇ ಎರಡೂ ಕೈ ಚಾಚಿಕೊಂಡು ಕಟಕಟೆಯಿಂದ ಇಳಿದುಬಿಟ್ಟರು. ಪೊಲೀಸರು ಹಿಡಿದುಕೊಂಡರು. ಕೋರ್ಟಿಗೆ ಕೋರ್ಟೇ ನಗುತ್ತಿತ್ತು. ಪಕ್ಕದವನು, “ನಿಮ್ಮ ಕಡೆಯವ್ರಾ ಸಾರ್?” ಎಂದು ಕೇಳಿದಾಗ ನಾನು ಫ್ಯಾನು ನೋಡಿದೆ.

ತೀರ್ಪಾಯಿತು: ಬೋರ್ಡು ಇಳಿಸಬೇಕು, ಇನ್ನು ಯಾರ ಮೂಳೆಯನ್ನೂ ಮುಟ್ಟಬಾರದು. ಮಾವ ತಲೆಬಾಗಿಸಿ, “ಆಯ್ತು ಸ್ವಾಮಿ, ಮುಟ್ಟಲ್ಲ” ಎಂದರು. ನಮಗೆಲ್ಲ ಮಾನ ಉಳಿದಂತಾಯಿತು. ಬೆಂಚು ಅಟ್ಟ ಸೇರಿತು. ಬಂದವರಿಗೆ ಮಾವ ಬಾಗಿಲಲ್ಲೇ ಡಾಕ್ಟರ ಮನೆ ತೋರಿಸತೊಡಗಿದರು.

ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದ ಅತ್ತೆಗೆ ಮೇಲೇಳಲಾಗಲಿಲ್ಲ. ನಾನು ಹಿಡಿದು ಮಲಗಿಸಿದೆ.

“ಏನ್ರೀ, ಒಂದ್ಸಲ ಎಳೀರಿ” ಎಂದು ನರಳಿದರು ಅತ್ತೆ.

“ಮಾತು ಕೊಟ್ಟಿದ್ದೀನಿ ಕಣೇ” ಎಂದವರೇ ಮಾವ ಚಪ್ಪಲಿಯನ್ನೂ ಮೆಟ್ಟದೆ ಓಡಿ, ಕೇಸು ಹಾಕಿದ ಅದೇ ಡಾಕ್ಟರನ್ನು ಕರೆತಂದರು. ಅವರು ಪರೀಕ್ಷಿಸಿ ಇಂಜೆಕ್ಷನ್ ಕೊಟ್ಟು, ಮಲಗಿರಲಿ ಎಂದು ಹೇಳಿ ಹೋದರು.

ಮಾವ ಅತ್ತೆಯ ಪಕ್ಕದಲ್ಲಿ ಕುಳಿತರು, ಎರಡೂ ಅಂಗೈಗಳನ್ನು ತಮ್ಮ ತೊಡೆಯಡಿ ಒತ್ತಿಟ್ಟುಕೊಂಡು. ತಪ್ಪಿಸಿಕೊಂಡು ಹೋಗುವ ಪ್ರಾಣಿಗಳನ್ನು ಅದುಮಿಟ್ಟವರಂತೆ. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಕಷ್ಟಪಟ್ಟು ಕೈಚಾಚಿ, ಅವರ ಒಂದು ಕೈಯನ್ನು ಹೊರಗೆಳೆದು ತಮ್ಮ ಹಣೆಯ ಮೇಲಿಟ್ಟುಕೊಂಡರು.

“ಇಲ್ಲಿ ಯಾವ ಕೇಸೂ ಇಲ್ಲ. ಇಟ್ಟಿರಿ.”

ನೂರಾರು ಕತ್ತು ತಿರುಗಿಸಿದ ಆ ಕೈ ಏನನ್ನೂ ತಿರುಗಿಸದೆ ಅಲ್ಲೇ ಉಳಿಯಿತು. ಅಲ್ಲಿ ನಿಂತಿರಲು ನನಗೆ ನಾಚಿಕೆಯಾಯಿತು. ಮೆಲ್ಲಗೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.