ಪಕ್ಕದ್ಮನೆಯ ಎಡಗೈ ಪಿಚರ್

ಬೇರೆಯವರ ಮನೆಯಲ್ಲಿ ತಮಾಷೆ ಟೀವಿಯಲ್ಲಿ ಬರುತ್ತೆ; ನಮ್ಮನೆಗೆ ಮಾತ್ರ ಅದು ಪಕ್ಕದ ಮನೆಯಿಂದ ಬೇಲಿ ದಾಟಿಕೊಂಡು ಬರುತ್ತೆ. ಕಡಲಾಚೆಯ ಈ ಶೋರ್‌ಲೈನ್ ಊರಿಗೆ ಬಂದ ಮೇಲೆ ಇದು ನಿಂತಿದ್ದೇ ಇಲ್ಲ.

ಪಕ್ಕದವರು ಅರವತ್ತು ದಾಟಿದ ಉದ್ದನೆಯ ಆಳು. ಈಗ ಡ್ರೈವಿಂಗ್ ಹೇಳಿಕೊಡ್ತಾರೆ. ಒಂದು ಕಾಲದಲ್ಲಿ ಬೇಸ್‌ಬಾಲ್ ಪಿಚರ್ ಆಗಿದ್ದರು, ಅಂದರೆ ನಮ್ಮ ಭಾಷೆಯಲ್ಲಿ ಬೌಲರ್. ಎಡಗೈ. ಅದೂ ಸುಮ್ನೆ ಗಲ್ಲಿ ಆಟ ಅಲ್ಲ. ಈ ದೇಶದಲ್ಲಿ ಅದಕ್ಕಿಂತ ದೊಡ್ಡದಿಲ್ಲ ಅನ್ನೋ ಮೇಜರ್ ಲೀಗ್. "ಎಷ್ಟು ಕಾಲ ಆಡಿದ್ರಿ?" ಅಂತ ನಾನು ಕೇಳಿದಾಗೆಲ್ಲ "ಸ್ವಲ್ಪ" ಅಂದು, ಹುಲ್ಲು ಕತ್ತರಿಸೋ ಮಷೀನ್ ಸ್ಟಾರ್ಟ್ ಮಾಡಿಬಿಡೋರು.

ಅವರು ಇಂಗ್ಲಿಷಲ್ಲಿ ಆಡಿದ್ದನ್ನೆಲ್ಲ ನಾನಿಲ್ಲಿ ಕನ್ನಡದಲ್ಲೇ ಹೇಳ್ತೀನಿ.

ಸೆಲ್ಯೂಟ್

ನನ್ನ ಅತ್ತೆ, ಮಾವ ಹಾಸನದಿಂದ ಬಂದಿದ್ದರು. ಮಾವ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಪಾಠಕ್ಕಿಂತ ಎನ್‌ಸಿಸಿ ಮೇಲೆ ಪ್ರೀತಿ ಜಾಸ್ತಿ. ನನ್ನ ಗಂಡ ಈಸ್ಟ್‌ಗೇಟ್ ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿ, "ಅಪ್ಪಾ, ಪಕ್ಕದ್ಮನೆಯೋರು ಸಾಮಾನ್ಯ ಅಲ್ಲ, ಮೇಜರ್‌ನಲ್ಲಿದ್ದೋರು" ಅಂದು ಕಾರು ಹತ್ತಿದರು.

ಮಾರನೇ ದಿನ ಬೆಳಗ್ಗೆ ಮಾವ ಶೂ ಹಾಕಿಕೊಂಡು ಹೊರಗೆ ಹೋಗಿ, ಕಾಲು ನೆಲಕ್ಕೆ ಕುಟ್ಟಿ ಸೆಲ್ಯೂಟ್ ಹೊಡೆದರು. ಕಸದ ಡಬ್ಬ ಎಳೀತಿದ್ದ ಪಕ್ಕದವರು, ಇದು ಇಂಡಿಯಾದ ಗುಡ್ ಮಾರ್ನಿಂಗ್ ಇರಬೇಕು ಅಂದುಕೊಂಡು, ಡಬ್ಬ ಬಿಟ್ಟು ನೆಟ್ಟಗೆ ನಿಂತು ವಾಪಸ್ ಹೊಡೆದರು. ಎಡಗೈಯಲ್ಲಿ. ಮಾವನಿಗೆ ಕಸಿವಿಸಿಯಾಯ್ತು. ಆದರೆ ಮೇಜರ್ ಸಾಹೇಬ್ರಿಗೆ ಬುದ್ಧಿ ಹೇಳೋರು ಯಾರು?

"ಯಾರ ಮೇಲೆ ಹೋಗಿದ್ರಿ, ಸರ್?" ಅಂತ ಮಾವ ಇಂಗ್ಲಿಷಲ್ಲಿ ಕೇಳಿದರು.

"ಒಹಾಯೊದವರ ಮೇಲೆ."

"ಗೆದ್ರಾ?"

"ಗೆದ್ವಿ."

"ನಿಮ್ಮ ಕಡೆ ಗಾಯ ಆದೋರು?"

ಪಕ್ಕದವರು ಎಡಭುಜ ಸವರಿಕೊಂಡು, "ನಾನೊಬ್ಬನೇ" ಅಂದರು.

ಮಾವನ ಕಣ್ಣಲ್ಲಿ ನೀರು. ಗಿಡಕ್ಕೆ ನೀರು ಬಿಡ್ತಿದ್ದ ನಾನು ನಗು ತಡೆಯೋಕೆ ಹೋಗಿ ಪೈಪು ನನ್ನ ಕಾಲಿಗೇ ತಿರುಗಿಸಿಕೊಂಡಿದ್ದೆ. ಮಾವ ಒಳಗೆ ಬಂದವರೇ ಫೋನಿನಲ್ಲಿ ಮ್ಯಾಪ್ ತೆಗೆದು ನೋಡಿದರು. ನೋಡಿ, ಬಹಳ ಹೊತ್ತು ಯೋಚನೆ ಮಾಡಿ, ನನ್ನನ್ನ ಕರೆದರು.

"ಏನಮ್ಮಾ, ಒಹಾಯೊ ಈ ದೇಶದಲ್ಲೇ ಇದೆಯಲ್ಲ! ಇವರ ಮೇಲೆ ಇವರೇ ಯುದ್ಧಕ್ಕೆ ಹೋದ್ರೆ, ಪೆನ್ಷನ್ ಯಾವ ಕಡೆಯೋರು ಕೊಡ್ತಾರೆ?"

ಪ್ರಸಾದ

ಸತ್ಯನಾರಾಯಣ ಪೂಜೆಗೆ ಪಕ್ಕದವರನ್ನೂ ಕರೆದಿದ್ದೆವು. ಮಂಗಳಾರತಿ ಆಯ್ತು. ಅತ್ತೆ ಪ್ರಸಾದ ಕೊಡೋಕೆ ಬಂದರು. ಪಕ್ಕದವರು ಭಕ್ತಿಯಿಂದ ಎಡಗೈ ಚಾಚಿದರು. ಅತ್ತೆಯ ಕೈ ಅಲ್ಲೇ ನಿಂತಿತು.

"ಅಯ್ಯೋ, ಎಡಗೈ ಕಣೇ! ಹೇಳೇ ಅವರಿಗೆ."

ನಾನು ಮೆಲ್ಲಗೆ ಹೇಳಿದೆ. ಅವರಿಗೆ ಬೇಜಾರಾಗುತ್ತೇನೋ ಅಂದುಕೊಂಡಿದ್ದೆ. ಅವರ ಮುಖ ಅರಳಿತು. "ಅಷ್ಟೇ ತಾನೆ? ನಮ್ಮಲ್ಲೂ ಹಾಗೇ. ಎಡಗೈ ಎಸೆಯೋಕೆ, ಹಿಡಿಯೋಕೆ ನಂದು ಬಲಗೈಯೇ" ಅಂದರು.

ಅತ್ತೆಗೆ ಮಡಿ. ಕೈಗೆ ಕೈ ತಾಗಬಾರದು ಅಂತ ತಂಬಿಟ್ಟಿನ ಉಂಡೆಯನ್ನ ಎತ್ತರದಿಂದ ಬಿಟ್ಟರು. ಅವರು ದೇವರ ಕಡೆ ನೋಡ್ತಿದ್ದ ಹಾಗೇ, ಬಲಗೈ ತಾನಾಗಿ ಹೋಗಿ ಹಿಡಿಯಿತು. ಒಂದು ಚೂರು ಕೆಳಗೆ ಬೀಳಲಿಲ್ಲ.

"ನೋಡಿ ಕಲಿತುಕೊ" ಅಂತ ಅತ್ತೆ ಮಗನಿಗೆ ಅಂದರು. "ನೀನು ಪ್ರತೀ ಸಲ ಅರ್ಧ ಪಂಚೆ ಮೇಲೆ ಚೆಲ್ಕೊಳ್ತೀಯ."

ಅಲ್ಲಿಂದ ಹಬ್ಬಹಬ್ಬಕ್ಕೂ ದೂರ ಜಾಸ್ತಿಯಾಗ್ತಾ ಹೋಯ್ತು. ಗಣೇಶನ ಹಬ್ಬದ ಹೊತ್ತಿಗೆ ಅತ್ತೆ ಹಿತ್ತಲ ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಂತು, "ಬಂತು, ಹಿಡ್ಕೊಳ್ಳಿ!" ಅಂತ ಚಿಗಳಿ ಉಂಡೆ ಬೀಸಿದರೆ, ಬೇಲಿಯ ಆ ಕಡೆ ಅವರು ಹಿಡಿಯೋರು. ಒಂದು ದಿನ ಅವರು ನನ್ನ ಹತ್ತಿರ ಬಂದು ಹೇಳಿದರು:

"ನಿಮ್ಮತ್ತೆ ಕೈ ಬಹಳ ಚೆನ್ನಾಗಿದೆ. ಉಂಡೆಯೂ ಥೇಟ್ ಬೇಸ್‌ಬಾಲ್ ಥರ ಗಟ್ಟಿಯಾಗಿದೆ."

ಅತ್ತೆಗೆ ನಾನು ಮೊದಲರ್ಧ ಮಾತ್ರ ಅನುವಾದ ಮಾಡಿದೆ.

ಬೆರಳ ಭಾಷೆ

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ಬೇಸ್‌ಬಾಲ್‌ನಲ್ಲಿ ಯಾವ ಬಾಲ್ ಹಾಕಬೇಕು ಅಂತ ಬಾಯಲ್ಲಿ ಹೇಳೋದಿಲ್ಲವಂತೆ, ಬೆರಳಲ್ಲಿ ಸನ್ನೆ ಮಾಡ್ತಾರಂತೆ. "ಮಾತಾಡಿದ್ರೆ ಕಲಿಯೋರು ಗಾಬರಿಯಾಗ್ತಾರೆ" ಅಂತ ಕಾರಿನಲ್ಲೂ ಅದೇ ಪದ್ಧತಿ. ಒಂದು ಬೆರಳು ಅಂದರೆ ನೇರ. ಎರಡು ಅಂದರೆ ಎಡಕ್ಕೆ. ಮೂರು ಅಂದರೆ ಬಲಕ್ಕೆ. ಮುಷ್ಟಿ ಅಂದರೆ ಬ್ರೇಕ್.

ವಸಂತಕಾಲ. ಇಲ್ಲಿ ಮರಗಳೆಲ್ಲ ಪರಾಗ ಉದುರಿಸೋ ಸಮಯ, ಎಲ್ಲರಿಗೂ ಸೀನು. ಅರೋರಾ ಅವೆನ್ಯೂನಲ್ಲಿ ಹೋಗ್ತಿದ್ದಾಗ ಅವರ ಎರಡು ಬೆರಳು ಮೇಲೆದ್ದವು. ನಾನು ಇಂಡಿಕೇಟರ್ ಹಾಕಿ, ಎದುರಿಂದ ಯಾರೂ ಬರ್ತಿಲ್ಲ ಅಂತ ನೋಡಿ, ಚೆನ್ನಾಗಿಯೇ ಎಡಕ್ಕೆ ತಿರುಗಿಸಿದೆ. ಮುಂದೆ ಗುಹೆ ಥರ ಏನೋ ಇತ್ತು. ಒಳಗೆ ಹೋದೆ. ಚಕ್ರಗಳನ್ನ ಯಾರೋ ಕೆಳಗಿಂದ ಹಿಡಿದು ಎಳೆದ ಹಾಗಾಯ್ತು. ಅದು ಕಾರನ್ನ ತಾನೇ ಎಳೆದುಕೊಂಡು ತೊಳೆಯೋ ಕಾರ್ ವಾಶ್. ನಾಲ್ಕೂ ಕಿಟಕಿ ತೆಗೆದಿದ್ದವು.

ಸೋಪಿನ ನೊರೆಯ ನಡುವೆ ಅವರು ಮುಷ್ಟಿ ಹಿಡಿದು ಕೂತಿದ್ದರು.

"ಎರಡು ಬೆರಳು ತೋರಿಸಿದ್ರಲ್ಲ!" ಅಂತ ಕಿರುಚಿದೆ.

"ಮೂಗು ತುರಿಸ್ತಿತ್ತು!"

ಅದಾದ ಮೇಲೆ ಅವರು ನನ್ನ ಪಕ್ಕ ಕೂತಾಗೆಲ್ಲ ಎರಡು ಕೈಯನ್ನೂ ತೊಡೆ ಕೆಳಗೆ ಒತ್ತಿಕೊಂಡೇ ಇರ್ತಿದ್ದರು. ಆದರೆ ಟೆಸ್ಟ್ ದಿನ ಬಂದ ಪರೀಕ್ಷಕರಿಗೆ ಈ ವಿಷಯ ಗೊತ್ತಿರಬೇಕಲ್ಲ. ಅವರು ಕೆಮ್ಮು ಬಂತು ಅಂತ ಬಾಯಿಗೆ ಮುಷ್ಟಿ ಅಡ್ಡ ಹಿಡಿದರು. ನಾನು ಹೈವೇ ಮಧ್ಯೆ ಬ್ರೇಕ್ ಒತ್ತಿದೆ.

ಇಡೀ ಮೇಜರ್ ಲೀಗ್ ಜೀವನ

ಪಕ್ಕದವರ ಅಮ್ಮ ಈಚೆಗೆ ಯಾಕಿಮಾ ಅನ್ನೋ ಊರಿಂದ ಮಗನ ಮನೆಗೇ ಬಂದಿದ್ದಾರೆ. ತೊಂಬತ್ತರ ಹತ್ತಿರದ ಪುಟ್ಟ ಜೀವ, ಮಾತು ಖಾರ, ಕಣ್ಣು ಮಾತ್ರ ಮಂಜು. ಒಂದು ಭಾನುವಾರ ಮಧ್ಯಾಹ್ನ ಅವರು ಅಮ್ಮನ ಕೈಹಿಡಿದು ನಮ್ಮನೆಗೆ ಬಂದರು. ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪ್.

"ಯಾರೋ ಒಬ್ಬರು ನಾನಾಡಿದ ಮ್ಯಾಚ್‌ನ ಆಗ ಟೀವಿಯಿಂದ ರೆಕಾರ್ಡ್ ಮಾಡಿಟ್ಟಿದ್ದರಂತೆ, ಹುಡುಕಿ ಕಳಿಸಿದಾರೆ. ನಿಮ್ಮ ಟೀವಿ ದೊಡ್ಡದು. ಅಮ್ಮನಿಗೆ ಕಾಣಬೇಕು" ಅಂದರು. ಆವತ್ತೇ ಅವರ ಬಾಯಿಂದ ಪೂರ್ತಿ ಕತೆ ಹೊರಗೆ ಬಂತು.

ವರ್ಷಗಟ್ಟಲೆ ಸಣ್ಣ ಊರುಗಳ ಸಣ್ಣ ಲೀಗುಗಳಲ್ಲಿ, ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಆಡಿದರಂತೆ. ಕೊನೆಗೊಂದು ದಿನ ಮೇಜರ್ ಲೀಗ್‌ನಿಂದ ಕರೆ ಬಂತು. ಅಮ್ಮ ಒಳ್ಳೆ ಕೋಟು ಹಾಕಿಕೊಂಡು ಬಸ್ ಹತ್ತಿ ಬಂದರು. ಮೊದಲಿಂದ ಅಲುಗಾಡದೆ ಕೂತಿದ್ದರು. ಮಗನನ್ನ ಆಡೋಕೆ ಕರೀಲಿಲ್ಲ, ಕರೀಲಿಲ್ಲ, ಕರೀಲೇ ಇಲ್ಲ. ಇನ್ನು ತಡೆಯೋಕಾಗಲ್ಲ ಅಂತ ಅಮ್ಮ ಎದ್ದು ಬಾತ್‌ರೂಮಿಗೆ ಹೋದರು. ಅಲ್ಲಿ ಉದ್ದನೆಯ ಕ್ಯೂ. ವಾಪಸ್ ಬರೋಷ್ಟರಲ್ಲಿ ಮಗ ಆಡಿ, ಬಂದು, ಕೂತಾಗಿತ್ತು. ಮಾರನೇ ಬೆಳಗ್ಗೆ ಭುಜ ಮೇಲೇಳಲಿಲ್ಲ. ಮತ್ತೆ ಯಾರೂ ಕರೀಲಿಲ್ಲ.

"ನಾನು ಎದ್ದು ಹೋಗಬಾರದಿತ್ತು" ಅಂದರು ಅಮ್ಮ. ಮಗ ನೆಲ ನೋಡಿದರು. ಅತ್ತೆ ಕಾಫಿ ತಂದು ಅಮ್ಮನ ಕೈಗಿಟ್ಟರು.

ಟೀವಿ ಮುಂದೆಯೇ ಅಮ್ಮನಿಗೆ ಕುರ್ಚಿ ಹಾಕಿದೆವು. ತೆರೆಯ ಮೇಲೆ ಮೈದಾನದ ಬಾಗಿಲು ತೆಗೆಯಿತು. ಉದ್ದನೆಯ ಹುಡುಗನೊಬ್ಬ ಓಡಿ ಬಂದ. ಅಮ್ಮ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಬಾತ್‌ರೂಮ್ ಎಲ್ಲಿದೆ ಮಗಳೇ?"

ಮಗ ಎರಡೂ ಕೈ ತಲೆ ಮೇಲಿಟ್ಟುಕೊಂಡರು. ವಿಡಿಯೋನ ಅಲ್ಲೇ ನಿಲ್ಲಿಸಿದರು. ತೆರೆಯ ಮೇಲೆ ಆ ಹುಡುಗ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ಅಮ್ಮನಿಗಾಗಿ ಕಾದ. ನಾವೂ ಕಾದೆವು. ಅಮ್ಮ ನಿಧಾನಕ್ಕೆ ಕೈ ಒರೆಸಿಕೊಂಡು ಬಂದು ಕೂತು, "ಹೂಂ, ಈಗ ಹಾಕು" ಅಂದರು.

ಹುಡುಗ ಮಧ್ಯದಲ್ಲಿ ನಿಂತ. ಎದುರಿಗಿದ್ದ ಬ್ಯಾಟ್ಸ್‌ಮನ್‌ನ ದಿಟ್ಟಿಸಿದ. ಬಾಲ್ ಹಾಕ್ತಾನೆ ಅಂತ ಮಾವ ಮುಂದಕ್ಕೆ ಬಾಗಿದರು. ಅವನು ತಟ್ಟನೆ ಪಕ್ಕಕ್ಕೆ ಎಸೆದ. ಆ ಮೂಲೆಯಲ್ಲಿ ರನ್ನಿಗೆ ಅಂತ ಜಾಗ ಬಿಟ್ಟು ಸರಿದಿದ್ದ ಎದುರಾಳಿ, ನಮ್ಮ ಕ್ರಿಕೆಟ್‌ನ ರನೌಟ್ ಥರ, ಔಟ್. ಅವರ ಸರದಿ ಅಲ್ಲಿಗೆ ಮುಗಿಯಿತು. ಎಲ್ಲರೂ ಮೈದಾನ ಬಿಟ್ಟು ಓಡಿದರು. ಸಾಬೂನಿನ ಜಾಹೀರಾತು ಬಂತು. ಆಮೇಲೆ ಇವರ ಕಡೆಯೋರು ಬ್ಯಾಟ್ ಮಾಡಿ ಮ್ಯಾಚ್ ಗೆದ್ದರಂತೆ.

"ಬ್ಯಾಟ್ ಹಿಡಿದೋನಿಗೆ ಬಾಲ್ ಹಾಕೋದು ಯಾವಾಗ?" ಅಂತ ಅಮ್ಮ ಕೇಳಿದರು.

"ಹಾಕಲಿಲ್ಲಮ್ಮ. ಅದೊಂದೇ ಎಸೆದದ್ದು. ಅದರಲ್ಲೇ ಭುಜ ಹೋಯ್ತು."

"ಅಷ್ಟೇನಾ?"

"ಅಷ್ಟೇ."

ಅಮ್ಮ ಮಗನ ಎಡಗೈಯನ್ನ ತಮ್ಮ ಮಡಿಲಿಗೆ ಎಳೆದುಕೊಂಡರು. "ಇನ್ನೊಂದ್ಸಲ ಹಾಕು" ಅಂದರು. ಹಾಕಿದರು. ಮತ್ತೆ ಹಾಕಿಸಿದರು. ಹುಡುಗ ಓಡಿ ಬಂದಾಗೆಲ್ಲ ಅಮ್ಮನ ಮುಖ ತೆರೆಗೆ ಇನ್ನಷ್ಟು ಹತ್ತಿರ ಹೋಗ್ತಿತ್ತು. "ಎಷ್ಟು ಚೆನ್ನಾಗಿದ್ದೆಯೋ" ಅಂದರು.

ಮಗ ಕೇಳಿದರು: "ಅಮ್ಮಾ, ಆವತ್ತು ನೋಡಲಿಲ್ಲ ಅಂತ ಇನ್ನೂ ಬೇಜಾರಿದೆಯಾ?"

"ಇಷ್ಟು ವರ್ಷ ಇತ್ತಪ್ಪ. ಈಗಿಲ್ಲ" ಅಂದರು ಅಮ್ಮ, ಕಣ್ಣೊರೆಸಿಕೊಂಡು. "ಆವತ್ತು ಆ ಬಾತ್‌ರೂಮ್ ಕ್ಯೂನಲ್ಲಿ ಇಬ್ಬರು ಹೆಂಗಸರು ಜುಟ್ಟು ಜುಟ್ಟು ಹಿಡ್ಕೊಂಡು ಹೊಡೆದಾಡಿದ್ರು. ಅದು ಇದಕ್ಕಿಂತ ಜಾಸ್ತಿ ಹೊತ್ತು ನಡೀತು. ನೋಡೋಕೂ ಚೆನ್ನಾಗಿತ್ತು."